ಪುಲಾ ನಾಡಿನಲ್ಲಿ

ದಕ್ಷಿಣ ಗೋಳಾರ್ಧದ ನಾಡಿಗೆ ಹೊಸದಾಗಿ ಹೋದವರನ್ನು ಮೊಟ್ಟಮೊದಲು ತಬ್ಬಿಬ್ಬುಗೊಳಿಸುವವನು ಸೂರ್ಯ. ಅಲ್ಲಿಯೂ ಅವನು ಪೂರ್ವದಲ್ಲಿಯೇ ಹುಟ್ಟುತ್ತಾನೆ, ಪಶ್ಚಿಮದಲ್ಲಿಯೇ ಮುಳುಗುತ್ತಾನೆ. ಆದರೆ ನಡುವೆ ಅವನು ಹಿಡಿಯುವ ದಾರಿ ಬೇರೆ. ನಮ್ಮ ಕರ್ನಾಟಕದಲ್ಲಿ ವರ್ಷದ ಬಹುಭಾಗ ನಡುಹಗಲಿನ ಸೂರ್ಯ ನೆತ್ತಿಯಿಂದ ತುಸು ದಕ್ಷಿಣಕ್ಕೆ ವಾಲಿರುತ್ತಾನೆ. ಬೊತ್ಸ್ವಾನಾ ದೇಶದ ರಾಜಧಾನಿಯಾದ ಗಾಬೊರೋನೆ ನಗರ ಮಕರ ಸಂಕ್ರಾಂತಿ ವೃತ್ತಕ್ಕಿಂತಲೂ ದಕ್ಷಿಣಕ್ಕಿದೆ. ಆದುದರಿಂದ ಅಲ್ಲಿ ವರ್ಷದ ಯಾವ ದಿನದ ಮಧ್ಯಾಹ್ನವೇ ಆಗಲಿ, ಸೂರ್ಯ ಇರುವುದು ಉತ್ತರದಲ್ಲಿ. ಬಿಸಿಲು ಕಾಯಿಸಲು ಕುರ್ಚಿ ಹಾಕುವವರು ಮನೆಯ ಉತ್ತರದ ಜಗುಲಿಯನ್ನು ಆರಿಸಿಕೊಳ್ಳುತ್ತಾರೆ. ಹಪ್ಪಳ ಒಣಗಿಸಲು ದಕ್ಷಿಣದ ಅಂಗಳವನ್ನು ಹುಡುಕುವ ನಮ್ಮ ಕಡೆಯ ಗೃಹಿಣಿ ನೆರಳಿನಲ್ಲಿ ನಿಲ್ಲುತ್ತಾಳೆ. ಭೂಗೋಳದ ಪುಸ್ತಕದಲ್ಲಿ ಓದಿದ ಸಂಗತಿ ಹೀಗೆ ಹಪ್ಪಳದ ಮೂಲಕ ಮನದಟ್ಟಾಗುವುದು ಒಂದು ವಿನೋದವೇ ಸರಿ.

ರಾತ್ರಿಯ ಆಕಾಶವೂ ಅಷ್ಟೇ. ಹುಣ್ಣಿಮೆಯ ಚಂದ್ರನಲ್ಲಿ ನಾವು ಕಾಣುವ ಮೊಲ ಅಲ್ಲಿ ತಲೆಕೆಳಗಾಗಿ ಬಿದ್ದಿರುತ್ತದೆ. ಧ್ರುವ ನಕ್ಷತ್ರವಂತೂ ಕ್ಷಿತಿಜದ ಕೆಳಗೆ ಅಡಗಿರುವುದರಿಂದ ಎಂದಿಗೂ ಕಾಣುವುದಿಲ್ಲ. ಅಲ್ಲಿ ನಮ್ಮವರ ಮದುವೆ ನಡೆದರೆ, ವಧೂವರರಿಗೆ ಧ್ರುವನನ್ನು ತೋರಿಸಬೇಕಾದ ಪುರೋಹಿತರು ಉತ್ತರ ದಿಕ್ಕಿಗೆ ಬೆರಳು ಚಾಚಿ ಸುಮ್ಮನಾಗಬೇಕಷ್ಟೆ. ಅದಕ್ಕೆ ಬದಲಾಗಿ, ನಮ್ಮಲ್ಲಿ ಬೇಸಿಗೆಯ ಕೆಲವು ರಾತ್ರಿಗಳಲ್ಲಿ ಮಾತ್ರ ದಕ್ಷಿಣದ ಅಂಚಿನಲ್ಲಿ ಇಣುಕುವ ತ್ರಿಶಂಕು ನಕ್ಷತ್ರಪುಂಜ ಅಲ್ಲಿ ತಲೆಯೆತ್ತಿ ನೋಡುವಷ್ಟು ಮೇಲೆ ಬಂದು ಸ್ಪಷ್ಟವಾಗಿ ಹೊಳೆಯುತ್ತದೆ. ಅತ್ತ ಸ್ವರ್ಗಕ್ಕೂ ಸೇರದೆ ಇತ್ತ ಭೂಮಿಗೂ ಇಳಿಯದೆ ನಿಂತ ಆ ಅರಸನ ಕಥೆ ಪರದೇಶದಲ್ಲಿ ನೆಲೆಸಿದ ಎಷ್ಟೋ ಮಂದಿಯ ಕಥೆಯೂ ಹೌದು.

ನಿವೃತ್ತಿಯ ತರುವಾಯ, 2018 ಮತ್ತು 2019ರಲ್ಲಿ, ನಾನು ಮಗಳ ಸಂಸಾರದೊಡನೆ ಗಾಬೊರೋನೆಯಲ್ಲಿ ಕೆಲಕಾಲ ಇದ್ದೆ. ಅಲ್ಲಿ ಕಂಡ ಸಾಮಾನ್ಯ ಸಂಗತಿಗಳು ಕೆಲವನ್ನು ಇಲ್ಲಿ ಹೇಳುತ್ತೇನೆ. ಸಿಂಹ, ಆನೆ, ಜಿರಾಫೆಗಳ ವಿಚಾರ ಬಯಸುವವರಿಗೆ ಬೇರೆ ಪುಸ್ತಕಗಳುಂಟು. ಆಫ್ರಿಕಾ ಎಂದೊಡನೆ ನಮ್ಮವರಿಗೆ ಮೃಗಗಳೇ ನೆನಪಾಗುತ್ತವೆ; ಮನುಷ್ಯರು ಆಮೇಲೆ. ಈ ಕ್ರಮ ನನಗೆ ಒಪ್ಪಿಗೆಯಿಲ್ಲ.

ಬೊತ್ಸ್ವಾನಾ ವಿಸ್ತಾರದಲ್ಲಿ ನಮ್ಮ ಕರ್ನಾಟಕದ ಮೂರರಷ್ಟಿದೆ. ಜನಸಂಖ್ಯೆಯಾದರೋ 2022ರ ಗಣತಿಯ ಪ್ರಕಾರ ಸುಮಾರು 23 ಲಕ್ಷ; ಎಂದರೆ ಬೆಂಗಳೂರು ನಗರದ ಒಂದು ಪಾಲಿಗೂ ಸಮನಾಗದು. ದೇಶದ ಬಹುಭಾಗವನ್ನು ಕಲಹಾರಿಯ ಮರಳು ಆವರಿಸಿದೆ. ಉತ್ತರದ ಅಂಚನ್ನು ಬಿಟ್ಟರೆ ವರ್ಷವಿಡೀ ಹರಿಯುವ ನದಿಯೇ ಇಲ್ಲ. ಆ ಉತ್ತರದಲ್ಲಿ ಒಕಾವಾಂಗೋ ಎಂಬ ವಿಚಿತ್ರ ನದಿಯೊಂದುಂಟು. ಅದು ಸಮುದ್ರವನ್ನು ಸೇರುವುದೇ ಇಲ್ಲ. ಮರಳುಗಾಡಿನೊಳಗೇ ಕವಲು ಕವಲಾಗಿ ಹರಡಿ, ಬಿಸಿಲಿಗೆ ಆವಿಯಾಗಿ, ನೆಲದಲ್ಲಿ ಇಂಗಿಹೋಗುತ್ತದೆ. ಮಳೆ ಬೀಳುವುದು ದೂರದ ಅಂಗೋಲಾದ ಎತ್ತರದ ನೆಲದಲ್ಲಿ. ಆ ನೀರು ತಿಂಗಳುಗಟ್ಟಲೆ ನಡೆದು ಬಂದು ಮುಖಜ ಭೂಮಿಯನ್ನು ತುಂಬುವ ಹೊತ್ತಿಗೆ ಬೊತ್ಸ್ವಾನಾದಲ್ಲಿ ಒಣ ಚಳಿಗಾಲ. ಹೀಗಾಗಿ ಮಳೆಯಿಲ್ಲದ ಕಾಲದಲ್ಲಿ ಅಲ್ಲಿ ಪ್ರವಾಹ!

ಗಾಬೊರೋನೆಯಲ್ಲಿ ವರ್ಷಕ್ಕೆ ಸುಮಾರು 500 ಮಿಲಿಮೀಟರ್ ಮಳೆಯಾಗುತ್ತದೆ. ನಮ್ಮ ಬಯಲುಸೀಮೆಯ ಒಣ ತಾಲ್ಲೂಕುಗಳ ಲೆಕ್ಕವೂ ಹೆಚ್ಚುಕಡಿಮೆ ಇಷ್ಟೇ. ಮಳೆಗಾಲ ನವೆಂಬರಿನಿಂದ ಮಾರ್ಚಿಯವರೆಗೆ. ಜೂನ್, ಜುಲೈ ಎಂದರೆ ಕಟುವಾದ ಚಳಿ. ನಗರ ಸಮುದ್ರಮಟ್ಟದಿಂದ ಸುಮಾರು 1000 ಮೀಟರ್ ಎತ್ತರದಲ್ಲಿರುವುದರಿಂದ ರಾತ್ರಿ ನೀರು ಹೆಪ್ಪುಗಟ್ಟುವ ಮಟ್ಟದ ಹತ್ತಿರಕ್ಕೆ ಶೀತ ಇಳಿಯುವುದುಂಟು. ಗಾಳಿಯಲ್ಲಿ ತೇವವೇ ಇರದು. ತುಟಿ ಒಡೆಯುತ್ತದೆ, ಹಿಮ್ಮಡಿ ಸೀಳುತ್ತದೆ. ಒಗೆದು ಹಾಕಿದ ಸೀರೆ ಗಂಟೆಯೊಳಗೆ ಕಾಗದದಂತೆ ಗರಿಗರಿಯಾಗುತ್ತದೆ. ದೋಸೆಯ ಹಿಟ್ಟು ಹುದುಗುವುದಕ್ಕೆ ಎರಡು ದಿನ ಬೇಕು. ನಮ್ಮ ಹಬ್ಬಗಳೂ ಹಿಂದುಮುಂದಾಗುತ್ತವೆ. ಯುಗಾದಿಗೆ ಚಿಗುರಿಲ್ಲ, ಎಲೆಯುದುರುವ ಕಾಲ ಹತ್ತಿರವಾಗಿರುತ್ತದೆ. ದೀಪಾವಳಿಯ ಅಭ್ಯಂಜನಕ್ಕೆ ಬಿಸಿನೀರು ಕಾಯಿಸುವುದೇ ಒಂದು ಹಾಸ್ಯ. ಅದು ಅಲ್ಲಿ ವರ್ಷದಲ್ಲೇ ಹೆಚ್ಚು ಸುಡುವ ಕಾಲ. ಉತ್ತರಾಯಣವೆಂದರೆ ನಮಗೆ ಹಗಲು ಬೆಳೆಯುವ ಪುಣ್ಯಕಾಲ, ಅವರಿಗೆ ಹಗಲು ಕುಗ್ಗುವ ಕಾಲ. ಪಂಚಾಂಗವನ್ನು ಗೋಡೆಗೆ ತೂಗುಹಾಕಬಹುದು. ಅದರ ಹಿಂದಿನ ಋತುಮಾನವನ್ನು ವಿಮಾನದಲ್ಲಿ ಒಯ್ಯಲಾಗುವುದಿಲ್ಲ.

ಇಂಥ ನೆಲದ ಜನ ತಮ್ಮ ಹಣಕ್ಕೆ ಏನೆಂದು ಹೆಸರಿಟ್ಟಿರಬಹುದು? ‘ಪುಲಾ’ ಎಂದು. ಪುಲಾ ಎಂದರೆ ಮಳೆ. ಸ್ವಾತಂತ್ರ್ಯ ಬಂದ ಹತ್ತು ವರ್ಷಗಳವರೆಗೂ ಆ ದೇಶದಲ್ಲಿ ನೆರೆಯ ದಕ್ಷಿಣ ಆಫ್ರಿಕಾದ ನಾಣ್ಯವೇ ಚಲಾವಣೆಯಲ್ಲಿತ್ತು. 1976ರಲ್ಲಿ ಸ್ವಂತ ನಾಣ್ಯವನ್ನು ತಂದಾಗ ಈ ಹೆಸರನ್ನು ಇಟ್ಟರು. ಒಂದು ಪುಲಾಕ್ಕೆ ನೂರು ‘ಥೆಬೆ’. ಥೆಬೆ ಎಂದರೆ ಗುರಾಣಿ. ಮಳೆ ಮತ್ತು ಗುರಾಣಿ: ಒಂದು ಜನಾಂಗಕ್ಕೆ ಬೇಕಾದುದು ಎರಡೇ ಮಾತಿನಲ್ಲಿ ಬಂದಂತಾಯಿತು. ರಾಷ್ಟ್ರಲಾಂಛನದ ಮೇಲೆ ಬರೆದಿರುವ ಒಂದೇ ಪದವೂ ‘ಪುಲಾ’. ಸಭೆಗಳಲ್ಲಿ ಭಾಷಣ ಮುಗಿಸುವವರು ‘ಪುಲಾ!’ ಎಂದು ಕೂಗಿದರೆ ನೆರೆದ ಜನವೂ ‘ಪುಲಾ!’ ಎಂದು ಮರುನುಡಿಯುತ್ತಾರೆ. ನಮ್ಮಲ್ಲಿ ಮದುವೆಯ ದಿನ ಮಳೆ ಬಂದರೆ ಚಪ್ಪರ ನೆನೆಯಿತೆಂದು ಗೊಣಗುವವರುಂಟು. ಅಲ್ಲಿ ಮದುವೆಯ ದಿನ ಮಳೆ ಬಂದರೆ ಬೀಗರಿಬ್ಬರೂ ಕೈ ಕೈ ಹಿಡಿದು ನಗುತ್ತಾರೆ.

ಮಳೆಯ ಮಹಿಮೆ ನಗರದವರಿಗೆ ಮರೆತುಹೋಗದಂತೆ ಕಾಲವೇ ಆಗಾಗ ನೋಡಿಕೊಳ್ಳುತ್ತದೆ. 2015ರ ಸುಮಾರಿನಲ್ಲಿ ನಗರಕ್ಕೆ ನೀರುಣಿಸುವ ಗಾಬೊರೋನೆ ಅಣೆಕಟ್ಟಿನ ಜಲಾಶಯ ಬಹುತೇಕ ಬರಿದಾಗಿ, ತಳದ ಕೆಸರು ಒಣಗಿ ಬಿರುಕು ಬಿಟ್ಟಿತ್ತು. ಆಗ ಊರನ್ನು ಉಳಿಸಿದ್ದು ಉತ್ತರದ ಲೆತ್ಸಿಬೊಗೊ ಜಲಾಶಯದಿಂದ ಸುಮಾರು 360 ಕಿಲೋಮೀಟರ್ ದೂರ ನೀರು ತರುವ ಕೊಳವೆಮಾರ್ಗ. 2017ರ ಫೆಬ್ರವರಿಯಲ್ಲಿ ಡಿನಿಯೋ ಎಂಬ ಚಂಡಮಾರುತದ ಮಳೆ ಬಂದು ಅಣೆಕಟ್ಟು ತುಂಬಿ ಕೋಡಿ ಹರಿಯಿತಂತೆ. ಊರಿಗೆ ಊರೇ ನೋಡಲು ಹೋಗಿತ್ತೆಂದು ನೆರೆಯವರು ಹೇಳುತ್ತಿದ್ದರು. ನಾನಿದ್ದಾಗಲೂ ಸ್ನಾನದ ಮನೆಗಳಲ್ಲಿ ಬಕೆಟ್ಟು ತುಂಬಿಡುವ ಅಭ್ಯಾಸ ಹೋಗಿರಲಿಲ್ಲ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮಳೆ ತಡವಾದರೆ ಹುಡುಗರು ಗುರ್ಚಿಯನ್ನು ಹೊತ್ತು ಮನೆಮನೆಗೆ ಹೋಗಿ ನೀರು ಹೊಯ್ಯಿಸಿಕೊಳ್ಳುವುದನ್ನು ಕಂಡವರಿಗೆ ‘ಪುಲಾ’ ಎಂಬ ಕೂಗಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಜನರ ನಡೆನುಡಿ. ಆ ನಾಡಿನಲ್ಲಿ ವಂದನೆಯಿಲ್ಲದೆ ಯಾವ ವ್ಯವಹಾರವೂ ಆರಂಭವಾಗದು. ಹೆಂಗಸನ್ನು ಕಂಡರೆ ‘ಡುಮೇಲಾ ಮ್ಮಾ’, ಗಂಡಸನ್ನು ಕಂಡರೆ ‘ಡುಮೇಲಾ ರ್‍ರಾ’, ಹಲವರಿದ್ದರೆ ‘ಡುಮೇಲಾಂಗ್’. ‘ಮ್ಮಾ’ ಎಂದರೆ ತಾಯಿ, ‘ರ್‍ರಾ’ ಎಂದರೆ ತಂದೆ. ನಾವು ತರಕಾರಿ ಮಾರುವವಳನ್ನೂ ‘ಏನಮ್ಮಾ’ ಎಂದು ಮಾತನಾಡಿಸುವುದಿಲ್ಲವೇ, ಹಾಗೆ. ವಂದನೆಯ ಬೆನ್ನಿಗೆ, ‘ಹೇಗೆ ಎದ್ದಿರಿ?’ ಎಂಬ ಪ್ರಶ್ನೆ. ‘ಚೆನ್ನಾಗಿ ಎದ್ದೆ, ನೀವು ಹೇಗೆ ಎದ್ದಿರಿ?’ ಎಂದು ಉತ್ತರ. ಮಧ್ಯಾಹ್ನ ಕಳೆದ ಮೇಲೆ ‘ಹಗಲನ್ನು ಹೇಗೆ ಕಳೆದಿರಿ?’ ಎಂದು ಕೇಳುತ್ತಾರೆ. ಬಾಡಿಗೆಯ ಸಣ್ಣ ಬಸ್ಸನ್ನು ಹತ್ತುವವರು ಒಳಗಿದ್ದ ಅಪರಿಚಿತರಿಗೆಲ್ಲ ಒಟ್ಟಾಗಿ ಒಂದು ‘ಡುಮೇಲಾಂಗ್’ ಹೇಳಿಯೇ ಕೂಡುತ್ತಾರೆ. ಅದು ನಟನೆಯಲ್ಲ, ಆತುರದ ಕೆಲಸವೂ ಅಲ್ಲ.

ಒಮ್ಮೆ ಒಂದು ಕಛೇರಿಯಲ್ಲಿ ಸರದಿಯ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದಿದ್ದವರು ನಮ್ಮ ದೇಶದ ಒಬ್ಬ ಗೃಹಸ್ಥರು, ಹೊಸದಾಗಿ ಬಂದವರು, ಅವಸರದಲ್ಲಿದ್ದವರು. ಕಿಟಕಿಯ ಬಳಿ ಸಾಗಿದೊಡನೆ, ‘ಈ ಅರ್ಜಿಯ ನಮೂನೆ ಎಲ್ಲಿ ಸಿಗುತ್ತದೆ?’ ಎಂದು ಕೇಳಿದರು. ಒಳಗಿದ್ದ ಹೆಂಗಸು ಮುಗುಳ್ನಕ್ಕು, ‘ಡುಮೇಲಾ ರ್‍ರಾ’ ಎಂದು ಸುಮ್ಮನಾದರು. ಆತ ಇನ್ನಷ್ಟು ಗಟ್ಟಿಯಾಗಿ ಅದೇ ಪ್ರಶ್ನೆ ಕೇಳಿದರು. ಆಕೆ ಇನ್ನಷ್ಟು ಮೆಲ್ಲಗೆ ಅದೇ ವಂದನೆ ಹೇಳಿದರು. ಮೂರನೆಯ ಸಲ, ಸಾಲಿನಲ್ಲಿ ಹಿಂದಿದ್ದ ಮುದುಕರೊಬ್ಬರು ಆತನ ಭುಜ ಮುಟ್ಟಿ, ‘ಮೊದಲು ಆಕೆ ಮನುಷ್ಯಳೆಂದು ಗುರುತಿಸಿ, ಆಮೇಲೆ ಗುಮಾಸ್ತೆ’ ಎಂದರು. ಹೇಳಿದ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಗೃಹಸ್ಥರು ವಂದನೆ ಹೇಳಿದರು, ನಮೂನೆ ಅರ್ಧ ನಿಮಿಷದಲ್ಲಿ ದೊರೆಯಿತು. ಕೊಡುವಾಗ ಆಕೆ ಬಲಗೈಯಲ್ಲಿ ಕಾಗದ ಹಿಡಿದು, ಎಡಗೈಯಿಂದ ಬಲ ಮುಂಗೈಯನ್ನು ಮೆಲ್ಲನೆ ಮುಟ್ಟಿಕೊಂಡಿದ್ದರು. ಏನನ್ನು ಕೊಟ್ಟರೂ ತೆಗೆದುಕೊಂಡರೂ ಆ ಜನ ಹಾಗೆಯೇ ಮಾಡುತ್ತಾರೆ. ಅಂಗಡಿಯವನು ಚಿಲ್ಲರೆ ಕೊಡುವಾಗಲೂ ಹಾಗೆಯೇ. ಎಡಗೈಯಲ್ಲಿ ಕೊಡಬೇಡವೆಂದು ಮಕ್ಕಳಿಗೆ ಹೇಳಿಕೊಡುವ ನಮಗೆ ಇದು ಅಪರಿಚಿತವಲ್ಲ.

ಕನ್ನಡ ಕಲಿಸಿ ಜೀವನ ಸವೆಸಿದವಳಿಗೆ ಅವರ ಭಾಷೆ ಸೊಗಸಾದ ಒಗಟಿನಂತಿತ್ತು. ನಮ್ಮ ಭಾಷೆ ಬಾಲದ ಭಾಷೆ. ‘ಮರ’ಕ್ಕೆ ‘ಗಳು’ ಸೇರಿಸಿ, ‘ಅನ್ನು’ ಹಚ್ಚಿ, ‘ಇಂದ’ ಹಚ್ಚಿ ಎಷ್ಟು ದೂರವಾದರೂ ಎಳೆಯುತ್ತೇವೆ. ಅವರದು ತಲೆಯ ಭಾಷೆ. ವಚನ, ವರ್ಗ ಎಲ್ಲವೂ ಪದದ ಮುಂದೆ ಬಂದು ಕೂಡುತ್ತವೆ. ‘ಮೊಥೊ’ ಎಂದರೆ ಮನುಷ್ಯ, ‘ಬಥೊ’ ಎಂದರೆ ಮನುಷ್ಯರು. ಆ ನಾಡಿನ ಒಬ್ಬ ವ್ಯಕ್ತಿ ‘ಮೊತ್ಸ್ವಾನಾ’, ಹಲವರು ‘ಬತ್ಸ್ವಾನಾ’, ಅವರ ನುಡಿ ‘ಸೆತ್ಸ್ವಾನಾ’, ಅವರ ದೇಶ ‘ಬೊತ್ಸ್ವಾನಾ’. ಇಂಗ್ಲಿಷಿನ ‘ಬುಕ್’ ಅವರಲ್ಲಿ ‘ಬುಕಾ’ ಆಯಿತು, ಬಹುವಚನ ‘ದಿಬುಕಾ’. ನಾವು ‘ಬುಕ್ಕುಗಳು’ ಎಂದು ಹಿಂದೆ ಕಟ್ಟಿದ್ದನ್ನು ಅವರು ಮುಂದೆ ಕಟ್ಟಿದರು, ಅಷ್ಟೇ ವ್ಯತ್ಯಾಸ. ಉಪಾಧ್ಯಾಯರಿಗೆ ‘ಮೊರುತಾಬಾನಾ’ ಎನ್ನುತ್ತಾರೆ. ‘ಮೊ’ ಎಂದರೆ ವ್ಯಕ್ತಿ, ‘ರುತಾ’ ಎಂದರೆ ಕಲಿಸು, ‘ಬಾನಾ’ ಎಂದರೆ ಮಕ್ಕಳು. ಮಕ್ಕಳಿಗೆ ಕಲಿಸುವವನು. ಇಷ್ಟು ಪ್ರಾಮಾಣಿಕವಾದ ಪದ ನಮ್ಮಲ್ಲಿ ಇಲ್ಲವಲ್ಲ ಎನ್ನಿಸಿತು. ನಾವು ‘ಗುರು’ ಎಂದು ಹೊಗಳುತ್ತೇವೆ, ಇಲ್ಲವೇ ‘ಮೇಷ್ಟ್ರು’ ಎಂದು ಮುಗಿಸುತ್ತೇವೆ.

ಇನ್ನೊಂದು ಲಾಭವೂ ನಮಗುಂಟು. ಅವರ ನುಡಿಯನ್ನು ರೋಮನ್ ಲಿಪಿಯಲ್ಲಿ ಬರೆಯುತ್ತಾರೆ. ಅದನ್ನು ಇಂಗ್ಲಿಷಿನಂತೆ ಓದಿದವರ ಉಚ್ಚಾರ ಕೆಡುತ್ತದೆ. ಆದರೆ ‘ಥೆಬೆ’ಯ ‘ಥ’ ನಮ್ಮ ‘ರಥ’ದಲ್ಲಿರುವ ‘ಥ’ವೇ, ‘ಮ್ಫೊ’ ಎಂಬ ಹೆಸರಿನ ‘ಫ’ ನಮ್ಮ ‘ಫಲ’ದ ಶುದ್ಧ ‘ಫ’ವೇ. ಮಹಾಪ್ರಾಣಗಳನ್ನು ಸರಿಯಾಗಿ ನುಡಿಯಬೇಕೆಂದು ಕನ್ನಡದ ಉಪಾಧ್ಯಾಯರು ತರಗತಿಯಲ್ಲಿ ಪೀಡಿಸುವುದು ಇಷ್ಟು ದೂರದಲ್ಲಿ ಉಪಯೋಗಕ್ಕೆ ಬರುತ್ತದೆಂದು ವಿದ್ಯಾರ್ಥಿಗಳು ತಿಳಿದಿರಲಿ! ಗಾಬೊರೋನೆಯ ‘ಗ’ ಮಾತ್ರ ನಮ್ಮ ‘ಗ’ ಅಲ್ಲ. ಗಂಟಲಿನ ಆಳದಿಂದ ಉಜ್ಜಿ ಬರುವ ‘ಹ’ ಅದು. ಒಣಗಾಳಿಯಲ್ಲಿ ಗಂಟಲು ಕೆರೆಯುವಾಗ ತಾನಾಗಿ ಬರುತ್ತದೆ.

ಊಟದ ವಿಚಾರದಲ್ಲಿ ಸಸ್ಯಾಹಾರಿಗೆ ತುಸು ಕಷ್ಟ. ಆ ಜನರಿಗೆ ದನವೇ ಸಂಪತ್ತು, ಅತಿಥಿಗೆ ಮಾಂಸ ಬಡಿಸುವುದೇ ಗೌರವ. ಮಾಂಸ ತಿನ್ನುವುದಿಲ್ಲವೆಂದರೆ, ‘ಅಯ್ಯೋ, ಕೋಳಿ ಆಗಬಹುದಲ್ಲವೇ?’ ಎಂದು ಕರುಣೆಯಿಂದ ಕೇಳುತ್ತಾರೆ. ಆದರೆ ಪಕ್ಕದ ಬೋಗುಣಿಯತ್ತ ನೋಡಿದರೆ ಆಶ್ಚರ್ಯವೊಂದು ಕಾದಿರುತ್ತದೆ. ಅವರ ನಿತ್ಯದ ಊಟ ‘ಬೊಗೊಬೆ’, ಎಂದರೆ ಜೋಳದ ಗಂಜಿ ಅಥವಾ ಮುದ್ದೆ. ಅದನ್ನೇ ಹುಳಿ ಬರಿಸಿ ಮಾಡಿದರೆ ‘ತಿಂಗ್’. ಹುಳಿಯಂಬಲಿ ಕುಡಿದು ಬೆಳೆದವರಿಗೆ ಮೊದಲ ತುತ್ತಿನಲ್ಲೇ ಊರು ನೆನಪಾಗುತ್ತದೆ. ಅದಕ್ಕೆ ನಂಚಿಕೊಳ್ಳಲು ಅಲಸಂದೆಯ ಸೊಪ್ಪು. ಸೊಪ್ಪನ್ನು ಬೇಯಿಸಿ ಒಣಗಿಸಿಟ್ಟುಕೊಂಡು ವರ್ಷವಿಡೀ ಬಳಸುತ್ತಾರೆ. ಅಂಗಡಿಯ ಜೋಳದ ಹಿಟ್ಟು ಗಂಜಿಗೆಂದು ತರಿಯಾಗಿ ಬೀಸಿದ್ದು. ಅದನ್ನು ಮತ್ತೊಮ್ಮೆ ನುಣ್ಣಗೆ ಬೀಸಿ, ಕುದಿಯುವ ನೀರಿನಲ್ಲಿ ಕಲಸಿ, ಚೆನ್ನಾಗಿ ನಾದಿದರೆ ರೊಟ್ಟಿ ಬಿರಿಯದೆ ಏಳುತ್ತದೆ. ಎದುರುಮನೆಯ ಅಜ್ಜಿಗೆ ಅಂಥ ಎರಡು ರೊಟ್ಟಿ ಕೊಟ್ಟಾಗ ಅವರು ತಿರುವಿ ತಿರುವಿ ನೋಡಿ, ‘ನಮ್ಮ ಜೋಳಕ್ಕೆ ನೀವು ಹೀಗೂ ಮಾಡುತ್ತೀರಾ?’ ಎಂದರು.

‘ನಮ್ಮ ಜೋಳ’ ಎಂದು ಅವರು ಹೇಳಿದ್ದು ಅಕ್ಷರಶಃ ನಿಜ. ಜೋಳವನ್ನು ಮೊದಲು ಕೃಷಿಗೆ ತಂದವರು ಆಫ್ರಿಕಾದ ಜನ. ಅದು ಭಾರತಕ್ಕೆ ಬಂದು ಸುಮಾರು 4000 ವರ್ಷಗಳಾಗಿರಬಹುದೆಂದು ಪ್ರಾಕ್ತನ ಸಸ್ಯಗಳನ್ನು ಅಭ್ಯಸಿಸುವವರು ಹೇಳುತ್ತಾರೆ. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನೆಲ. ಸಜ್ಜೆ, ಅಲಸಂದೆ, ಅವರೆ ಕೂಡ ಆ ಖಂಡದವೇ. ಒಮ್ಮೆ ಯೋಚಿಸಿ ನೋಡಿ: ಬಿಜಾಪುರದ ರೊಟ್ಟಿ, ಮಂಡ್ಯದ ಮುದ್ದೆ, ಕೋಲಾರದ ಅವರೆಕಾಳಿನ ಸಾರು ಇವನ್ನು ತೆಗೆದುಬಿಟ್ಟರೆ ಕನ್ನಡಿಗರ ತಟ್ಟೆಯಲ್ಲಿ ಏನುಳಿಯುತ್ತದೆ? ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ದೊಡ್ಡಹುಣಸೆ ಮಠದ ಆವರಣದ ಭಾರಿ ಮರಗಳನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಹೆಸರು ಹುಣಸೆ, ಜಾತಿ ಹುಣಸೆಯಲ್ಲ. ಅವು ಆಫ್ರಿಕಾದ ಬಾವೊಬಾಬ್ ಮರಗಳು. ಬೊತ್ಸ್ವಾನಾದ ಉತ್ತರ ಭಾಗದ ಉಪ್ಪುಬಯಲಿನ ಅಂಚಿನಲ್ಲಿ ಅವೇ ಮರಗಳು ಆನೆಗಳ ಹಿಂಡಿನಂತೆ ನಿಂತಿರುತ್ತವೆ. ಅಲ್ಲಿನ ಹೆಸರು ‘ಮೊವಾನಾ’. ನಾವು ಆ ನಾಡಿಗೆ ಪರದೇಶಿಗಳಾಗಿ ಹೋಗುವುದಕ್ಕೆ ಎಷ್ಟೋ ಶತಮಾನ ಮುಂಚೆ ಆ ನಾಡಿನ ಬೀಜಗಳು ನಮ್ಮಲ್ಲಿಗೆ ಬಂದು ಒಕ್ಕಲಾಗಿವೆ.

ದನದ ಮಾತು ಬಂತು. ನಗರದಲ್ಲಿ ಕಛೇರಿಯ ದೊಡ್ಡ ಹುದ್ದೆಯಲ್ಲಿರುವವನಿಗೂ ಹುಟ್ಟೂರಿನಲ್ಲಿ ಒಂದು ಮನೆ, ಊರಾಚೆ ಹೊಲ, ಅದರಾಚೆ ‘ಮೊರಾಕಾ’ ಎಂಬ ದನದ ಹಟ್ಟಿ ಇರುವುದು ಸಾಮಾನ್ಯ. ಶುಕ್ರವಾರ ಸಂಜೆಯಾಯಿತೆಂದರೆ ಊರಿಗೆ ಹೋಗುವ ವಾಹನಗಳ ಸಾಲು. ಸೋಮವಾರ ಕೋಟು ತೊಟ್ಟು ಬಂದ ಅಧಿಕಾರಿಯ ಮಾತೆಲ್ಲ ಯಾವ ಹಸು ಈಯಿತು, ಯಾವ ಕರುವಿಗೆ ಯಾವ ಬಣ್ಣ ಎಂಬುದೇ. ದನದ ಬಣ್ಣ, ಮಚ್ಚೆಗಳನ್ನು ಹೇಳಲು ಆ ನುಡಿಯಲ್ಲಿರುವ ಪದಗಳು ಲೆಕ್ಕವಿಲ್ಲದಷ್ಟು. ಹಳ್ಳಿಕಾರ್ ಹೋರಿಯ ಕೊಂಬಿನ ಓರೆಯನ್ನು ಕುರಿತು ಗಂಟೆಗಟ್ಟಲೆ ಚರ್ಚಿಸುವ ನಮ್ಮ ರೈತರನ್ನು ಅಲ್ಲಿಗೆ ಕರೆದೊಯ್ದರೆ ದುಭಾಷಿ ಬೇಕಾಗಲಾರದು. ಕಾಲುಬಾಯಿ ಜ್ವರ ಹರಡದಂತೆ ದೇಶದುದ್ದಕ್ಕೂ ಬೇಲಿ ಹಾಕಿದ್ದಾರೆ. ಹೆದ್ದಾರಿಯಲ್ಲಿ ಅಂಥ ಬೇಲಿಯ ಬಳಿ ವಾಹನ ನಿಲ್ಲಿಸಿ, ಎಲ್ಲರೂ ಇಳಿದು, ಔಷಧಿಯಲ್ಲಿ ನೆನೆಸಿದ ಚಾಪೆಯ ಮೇಲೆ ಪಾದರಕ್ಷೆ ಒತ್ತಿ ಮುಂದೆ ಹೋಗಬೇಕು. ಮಂತ್ರಿಯಾದರೂ ಇಳಿಯಬೇಕೆಂದು ಹೇಳುತ್ತಾರೆ. ದನದ ಮುಂದೆ ಎಲ್ಲರೂ ಒಂದೇ.

ನಗರದ ನಡುವೆ ಮೂವರು ಅರಸರ ಕಂಚಿನ ಪ್ರತಿಮೆಗಳಿವೆ, 2005ರಲ್ಲಿ ಸ್ಥಾಪಿಸಿದವು. ಮೂರನೆಯ ಖಾಮಾ, ಸೆಬೆಲೆ, ಬತೊಯೆನ್ ಎಂಬ ಈ ಮೂವರು 1895ರಲ್ಲಿ ಹಡಗೇರಿ ಇಂಗ್ಲೆಂಡಿಗೆ ಹೋದರು. ಸೆಸಿಲ್ ರೋಡ್ಸ್ ಎಂಬ ಧನಾಢ್ಯನ ಕಂಪನಿಗೆ ತಮ್ಮ ನೆಲವನ್ನು ಒಪ್ಪಿಸಬಾರದೆಂದು ಸರ್ಕಾರವನ್ನು ಕೇಳಿಕೊಂಡರು. ಅಷ್ಟಕ್ಕೇ ಬಿಡದೆ ಊರೂರು ತಿರುಗಿ ಅಲ್ಲಿನ ಜನರೆದುರಿಗೆ ತಮ್ಮ ವಾದವನ್ನು ಮಂಡಿಸಿದರು. ರೈಲುಮಾರ್ಗಕ್ಕಾಗಿ ಒಂದು ಪಟ್ಟಿ ನೆಲವನ್ನು ಬಿಟ್ಟುಕೊಟ್ಟು ಉಳಿದುದನ್ನು ಕಂಪನಿಯ ಬಾಯಿಂದ ಉಳಿಸಿಕೊಂಡರು. ಕಂಪನಿ ಸರ್ಕಾರವೆಂದರೇನೆಂದು ಬಲ್ಲ ಭಾರತೀಯರು ಈ ಪ್ರತಿಮೆಗಳೆದುರು ಒಂದು ನಿಮಿಷ ಹೆಚ್ಚು ನಿಲ್ಲಬೇಕು. ಅದೇ ಖಾಮಾನ ಮೊಮ್ಮಗ ಸೆರೆತ್ಸೆ ಖಾಮಾ 1966ರ ಸೆಪ್ಟೆಂಬರ್ 30ರಂದು ಸ್ವತಂತ್ರ ಬೊತ್ಸ್ವಾನಾದ ಮೊದಲ ರಾಷ್ಟ್ರಾಧ್ಯಕ್ಷನಾದನು. ಮರುವರ್ಷವೇ ಒರಾಪಾದಲ್ಲಿ ವಜ್ರದ ನಿಕ್ಷೇಪ ಸಿಕ್ಕಿತು. ಬಡದೇಶವೊಂದು ಆ ವಜ್ರದ ಹಣದಿಂದ ಶಾಲೆ, ರಸ್ತೆ, ಆಸ್ಪತ್ರೆಗಳನ್ನು ಕಟ್ಟಿಕೊಂಡಿತು.

ಹಳ್ಳಿಗಳಲ್ಲಿ ‘ಖೊತ್ಲಾ’ ಎಂಬ ಸಭಾಸ್ಥಾನವಿರುತ್ತದೆ, ಹೆಚ್ಚಾಗಿ ಮರದ ನೆರಳಿನಲ್ಲಿ. ಅಲ್ಲಿ ಆಡಿದ ಮಾತೆಲ್ಲ ಚೆನ್ನವೇ ಎಂಬರ್ಥದ ಗಾದೆ ಅವರಲ್ಲಿದೆ. ಯಾರು ಏನು ಹೇಳಿದರೂ ಪೂರ್ತಿ ಕೇಳಬೇಕು, ನಡುವೆ ಬಾಯಿ ಹಾಕಬಾರದು. ನಮ್ಮ ಅರಳಿಕಟ್ಟೆಯ ಪಂಚಾಯಿತಿಗಳಲ್ಲಿ ಈ ಕೊನೆಯ ನಿಯಮವೊಂದನ್ನು ಜಾರಿಗೆ ತಂದರೆ ಅರ್ಧ ಜಗಳ ಕಡಿಮೆಯಾದೀತು.

ಇಷ್ಟೆಲ್ಲ ಹೇಳಿದ ಮೇಲೆ ಕಷ್ಟವಾದ ಸಂಗತಿಯನ್ನೂ ಹೇಳಬೇಕು. ನಗರದಲ್ಲಿ ಕಳ್ಳತನದ ಭಯವುಂಟು. ಆದುದರಿಂದ ಅನುಕೂಲಸ್ಥರ ಮನೆಗಳ ಸುತ್ತ ಆಳೆತ್ತರದ ಗೋಡೆ, ಗೋಡೆಯ ಮೇಲೆ ವಿದ್ಯುತ್ತಿನ ತಂತಿ, ಗೇಟಿನೊಳಗೆ ನಾಯಿ. ನಮ್ಮವರು ಅಲ್ಲಿ ಗಣನೀಯ ಸಂಖ್ಯೆಯಲ್ಲಿದ್ದಾರೆ: ಉಪಾಧ್ಯಾಯರು, ಲೆಕ್ಕಿಗರು, ವೈದ್ಯರು, ವ್ಯಾಪಾರಿಗಳು. ದೇವಸ್ಥಾನ, ಮಸೀದಿಗಳುಂಟು, ಹಬ್ಬಗಳು ಸಡಗರದಿಂದ ನಡೆಯುತ್ತವೆ. ಆದರೆ ಇಪ್ಪತ್ತು ವರ್ಷ ಅಲ್ಲಿದ್ದೂ, ಎದುರುಮನೆಯವರ ಹೆಸರು ತಿಳಿಯದೆ, ಅಂಗಡಿ, ಕಛೇರಿ, ದೇವಸ್ಥಾನ, ಮನೆ ಎಂಬ ನಾಲ್ಕು ಗೋಡೆಗಳ ನಡುವೆಯೇ ತಿರುಗಿದವರನ್ನು ಕಂಡಿದ್ದೇನೆ. ಐವತ್ತು ದಾಟಿದ ಮನೆಗೆಲಸದ ಹೆಂಗಸನ್ನು ‘ಹುಡುಗಿ’ ಎಂದು ಕರೆಯುವುದನ್ನು ಕೇಳಿದ್ದೇನೆ. ಆಕೆಯ ನೆರೆಹೊರೆಯವರಿಗೆ ಆಕೆ ‘ಮ್ಮಾ’ ಮಾತ್ರವೂ ಅಲ್ಲ. ಮಕ್ಕಳ ಹೆಸರನ್ನು ಸೇರಿಸಿ ತಾಯಿಯನ್ನು ಕರೆಯುವುದು ಅಲ್ಲಿನ ಮರ್ಯಾದೆ. ಮಗನ ಹೆಸರು ಕಗಿಸೊ ಎಂದಿದ್ದರೆ ತಾಯಿ ‘ಮ್ಮಾ-ಕಗಿಸೊ’. ಗೋಡೆ ಕಳ್ಳನನ್ನು ಎಷ್ಟು ತಡೆಯುತ್ತದೆಯೋ ಹೇಳಲಾರೆ, ವಂದನೆಯನ್ನಂತೂ ತಡೆಯುತ್ತದೆ.

ಎದುರುಮನೆಯ ಅಜ್ಜಿಯ ಮನೆಗೆ ಗೋಡೆಯಿರಲಿಲ್ಲ, ಗಿಡದ ಬೇಲಿಯಿತ್ತು. ಪ್ರತಿದಿನ ಮುಂಜಾನೆ ಅವರು ಬಾಗಿ ಅಂಗಳದ ಮರಳನ್ನು ಗುಡಿಸುತ್ತಿದ್ದರು. ಒಂದು ಹುಲ್ಲೆಸಳೂ ಉಳಿಯದಂತೆ ಗುಡಿಸಿದ ಮೇಲೆ ಮರಳಿನಲ್ಲಿ ಪೊರಕೆಯ ಗೆರೆಗಳು ರಂಗೋಲಿಯಂತೆ ಕಾಣುತ್ತಿದ್ದವು. ಅವರ ಹಳ್ಳಿಯ ಹಳೆಯ ಮನೆಗಳಲ್ಲಿ ಹೆಂಗಸರು ಸಗಣಿ, ಮಣ್ಣು ಕಲಸಿ ಜಗುಲಿ ಸಾರಿಸಿ, ಬೆರಳಿನಿಂದ ಅಲೆಯಲೆಯಾದ ಚಿತ್ತಾರ ಬಿಡಿಸುತ್ತಾರೆಂದು ಅವರೇ ಹೇಳಿದ್ದು. ರಸ್ತೆಯ ಈಚೆಯಿಂದ ನಾನು, ಆಚೆಯಿಂದ ಅವರು, ‘ಹೇಗೆ ಎದ್ದಿರಿ?’ ಎಂದು ಕೇಳಿಕೊಳ್ಳುವುದರಿಂದ ನಮ್ಮ ಪರಿಚಯ ಬೆಳೆಯಿತು. ಮೇಲೆ ಹೇಳಿದ ವ್ಯಾಕರಣದಲ್ಲಿ ಹೆಚ್ಚಿನ ಪಾಲು ಅವರು ಕಲಿಸಿದ್ದು. ನಾನು ಉಪಾಧ್ಯಾಯಿನಿಯಾಗಿದ್ದೆನೆಂದು ತಿಳಿದ ದಿನದಿಂದ ಅವರು ಎರಡು ಕೈ ಜೋಡಿಸಿ ಚಪ್ಪಾಳೆಯಂತೆ ಮೆಲ್ಲಗೆ ತಟ್ಟಿ, ‘ಮೊರುತಾಬಾನಾ’ ಎಂದು ವಂದಿಸುತ್ತಿದ್ದರು.

2019ರ ಚಳಿಗಾಲದಲ್ಲಿ ಅವರು ತೀರಿಕೊಂಡರು. ಅಂದೇ ಸಂಜೆ ಅಂಗಳದಲ್ಲಿ ದೊಡ್ಡ ಗುಡಾರವೆದ್ದಿತು. ಆ ನಾಡಿನಲ್ಲಿ ಸಾವು ಮನೆಯವರದಲ್ಲ, ಬೀದಿಯದು. ವಾರವಿಡೀ ಪ್ರತಿ ಸಂಜೆ ನೆರೆಹೊರೆಯವರೆಲ್ಲ ಸೇರಿ ಪ್ರಾರ್ಥನೆ ಮಾಡುತ್ತಾರೆ. ಹೆಂಗಸರು ತಲೆಗೆ ವಸ್ತ್ರ ಕಟ್ಟಿ, ಭುಜದ ಮೇಲೆ ಶಾಲು ಹೊದ್ದು ಬರುತ್ತಾರೆ. ಶನಿವಾರದ ಬೆಳಗಿನ ಜಾವ ಮಣ್ಣು. ನಮ್ಮ ಪರಿಚಿತರೊಬ್ಬರು, ‘ಅವರ ಪದ್ಧತಿಯೇ ಬೇರೆ, ನೀವು ಹೋಗಬೇಕಾದ್ದಿಲ್ಲ, ಯಾರೂ ನಿರೀಕ್ಷಿಸುವುದೂ ಇಲ್ಲ’ ಎಂದು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಮಗಳೂ ನಾನೂ ಸೀರೆಯ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಶಾಲು ಹೊದ್ದು ರಸ್ತೆ ದಾಟಿದೆವು. ಹೆಂಗಸರು ಚಾಪೆಯ ಮೇಲೆ ಸರಿದು ಜಾಗ ಮಾಡಿದರು. ಯಾರೂ ಏನನ್ನೂ ಕೇಳಲಿಲ್ಲ. ಹಾಡು ತಿಳಿಯದಿದ್ದರೂ ಅದರ ಏರಿಳಿತ ನಮ್ಮೂರಿನ ಭಜನೆಯಷ್ಟೇ ನಿಧಾನ. ಆರು ಸಂಜೆಯೂ ಹೋದೆವು. ಕೊನೆಗೆ ಕೊಡುತ್ತಿದ್ದ ಸಕ್ಕರೆ ಮುಂದಾದ ಚ ಮತ್ತು ಎಣ್ಣೆಯಲ್ಲಿ ಕರಿದ ಗೋಧಿಯ ಉಂಡೆಯನ್ನು ಸ್ವೀಕರಿಸುವಾಗ ಎಡಗೈ ತಾನಾಗಿಯೇ ಬಲ ಮುಂಗೈಯನ್ನು ಮುಟ್ಟುತ್ತಿತ್ತು.

ಶನಿವಾರ ಬೆಳಗಾಗುವ ಮುನ್ನವೇ ಸ್ಮಶಾನಕ್ಕೆ ಹೋದರು. ಹುಲ್ಲಿನ ಮೇಲೆ ಹಿಮ ಬೆಳ್ಳಗೆ ಬಿದ್ದಿತ್ತು. ಗಂಡಸರು ಸರದಿಯ ಮೇಲೆ ಗುದ್ದಲಿ, ಸಲಿಕೆ ಹಿಡಿದು ಗುಣಿ ಮುಚ್ಚಿದರು. ಕೋಟು ತೊಟ್ಟ ಅಧಿಕಾರಿ, ಬಸ್ಸಿನ ಚಾಲಕ, ಶಾಲೆಯ ಹುಡುಗ, ಒಬ್ಬನ ಕೈಯಿಂದ ಸಲಿಕೆ ಇನ್ನೊಬ್ಬನ ಕೈಗೆ ಮಾತಿಲ್ಲದೆ ಸಾಗುತ್ತಿತ್ತು. ಮರಳಿದ ಮೇಲೆ ಗೇಟಿನ ಬಳಿ ಇಟ್ಟಿದ್ದ ಬೋಗುಣಿಯ ನೀರಿನಲ್ಲಿ ಎಲ್ಲರೂ ಕೈ ತೊಳೆದು ಒಳಗೆ ಹೋದರು. ನಾವೂ ತೊಳೆದೆವು; ಸಾವಿನ ಮನೆಯಿಂದ ಬಂದು ಕೈಕಾಲು ತೊಳೆಯುವುದನ್ನು ನಮಗೆ ಯಾರೂ ಕಲಿಸಬೇಕಾಗಿರಲಿಲ್ಲ. ಊಟ ಬಡಿಸುವವಳು ನನ್ನ ತಟ್ಟೆಯ ಮುಂದೆ ಬಂದಾಗ ಮಾಂಸದ ಪಾತ್ರೆಯನ್ನು ಪಕ್ಕಕ್ಕಿಟ್ಟು, ಜೋಳದ ಬೊಗೊಬೆ ಮತ್ತು ಅಲಸಂದೆಯ ಸೊಪ್ಪನ್ನು ತುಂಬಾ ಹಾಕಿದಳು. ಇವರು ಮಾಂಸ ತಿನ್ನುವುದಿಲ್ಲವೆಂದು ಅಜ್ಜಿ ಎಂದೋ ಹೇಳಿದ್ದರಂತೆ.

ಸೋಮವಾರ ಬೆಳಿಗ್ಗೆ ಅಂಗಳವನ್ನು ಅಜ್ಜಿಯ ಮೊಮ್ಮಗಳು ಗುಡಿಸುತ್ತಿದ್ದಳು. ನನ್ನನ್ನು ಕಂಡು ಸೊಂಟ ನೆಟ್ಟಗೆ ಮಾಡಿ ವಂದನೆ ಹೇಳಿದಳು. ಅದುವರೆಗೆ ಬೀದಿಯವರಿಗೆ ನಾನು ಬರಿಯ ‘ಮ್ಮಾ’ ಆಗಿದ್ದೆ. ಅಂದು ಅವಳು ‘ಮ್ಮಾ’ ಎಂಬುದಕ್ಕೆ ನನ್ನ ಮಗಳ ಹೆಸರನ್ನು ಸೇರಿಸಿ ಕರೆದಳು, ದೀರ್ಘವನ್ನು ಮಾತ್ರ ಬೇರೆ ಕಡೆ ಎಳೆದು. ‘ಹೇಗೆ ಎದ್ದಿರಿ?’ ಎಂದಳು. ‘ಚೆನ್ನಾಗಿ ಎದ್ದೆ, ನೀನು ಹೇಗೆ ಎದ್ದೆ?’ ಎಂದೆ.